ಅವ್ವನ ದಾರಿಗೆ ನಾಕಾ ಇಲ್ಲ

ಪಾಸು ಎಂದರೆ ಬಹಳ ವರ್ಷ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಒಂದೇ ಚಿತ್ರ. ಜೂನ್ ತಿಂಗಳು, ಹೊರಗೆ ಜಿಟಿಜಿಟಿ ಮಳೆ, ಸುತ್ತಲಿನ ಹಳ್ಳಿಗಳಿಂದ ನಮ್ಮ ಶಾಲೆಗೆ ಬರುವ ಮಕ್ಕಳು ಬಸ್ ಪಾಸಿನ ಅರ್ಜಿ ಹಿಡಿದುಕೊಂಡು ಹೆಡ್‌ಮಾಸ್ತರರ ಸಹಿಗೆ ಸಾಲು ನಿಂತಿರುವುದು. ಅರ್ಜಿ ಒದ್ದೆಯಾಗದಂತೆ ಲಂಗದ ಅಂಚಿನಲ್ಲಿ ಮುಚ್ಚಿಕೊಂಡಿರುತ್ತಿದ್ದರು ಹುಡುಗಿಯರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಸಾಲು ಕರಗಿತು, ಹುಡುಗರದ್ದಷ್ಟೇ ಉಳಿಯಿತು. ಪಾಸಿನಲ್ಲಿ ಸುಖ ಎಂಬುದೊಂದು ಇರುತ್ತದೆ, ಅದಕ್ಕಾಗಿ ಜನ ವರ್ಷದ ದುಡ್ಡನ್ನು ಮೊದಲೇ ತುಂಬುತ್ತಾರೆ ಎಂಬುದು ನನಗೆ ಗೊತ್ತಾದದ್ದು ನನ್ನ ಮಗನಿಂದ.

2025ರ ಆಗಸ್ಟ್ 15ರಿಂದ ಕೇಂದ್ರ ಸರಕಾರ ಹೆದ್ದಾರಿಗಳಿಗೆ ವರ್ಷದ ಫಾಸ್ಟ್ಯಾಗ್ ಪಾಸು ತಂದದ್ದು ನಿಮಗೆ ಗೊತ್ತಿರಬೇಕು. ಆಗ ಅದಕ್ಕೆ 3,000 ರೂಪಾಯಿ. ಒಂದು ವರ್ಷ, ಇಲ್ಲವೇ 200 ಸಲ ನಾಕಾ ದಾಟುವುದು, ಎರಡರಲ್ಲಿ ಯಾವುದು ಮೊದಲು ಮುಗಿದರೆ ಅಲ್ಲಿಗೆ ಪಾಸು ಮುಗಿಯಿತು. ಸ್ವಂತದ ಕಾರಿಗೆ ಮಾತ್ರ, ಬಾಡಿಗೆ ಗಾಡಿಗೆ ಇಲ್ಲ. ರಾಷ್ಟ್ರೀಯ ಹೆದ್ದಾರಿಯ ನಾಕಾಗಳಿಗೆ ಮಾತ್ರ, ರಾಜ್ಯದ ರಸ್ತೆಗಳಿಗೆ ಇಲ್ಲ. ನಾವಿರುವುದು ನಿಪ್ಪಾಣಿಯಲ್ಲಿ. ಪುಣೆ-ಬೆಂಗಳೂರು ಹೆದ್ದಾರಿ ಊರಿಗೆ ಹೊಂದಿಕೊಂಡೇ ಹೋಗುತ್ತದೆ. ಉತ್ತರಕ್ಕೆ ಕೊಲ್ಲಾಪುರಕ್ಕೆ ಹೊರಟರೆ ಗಡಿಯಲ್ಲಿ ಕೊಗನೊಳ್ಳಿ ನಾಕಾ, ದಕ್ಷಿಣಕ್ಕೆ ಬೆಳಗಾವಿಗೆ ಹೊರಟರೆ ಹತ್ತರಗಿ ನಾಕಾ. ಮೋಟಾರು ಬಿಡಿಭಾಗಗಳ ಸಣ್ಣ ಅಂಗಡಿ ಇಟ್ಟಿರುವ ನನ್ನ ಮಗನಿಗೆ ಇಂಥ ಸುದ್ದಿ ಎಲ್ಲರಿಗಿಂತ ಮೊದಲು ತಲುಪುತ್ತದೆ. ಅವತ್ತೇ ಸಂಜೆ ಮೊಬೈಲಿನಲ್ಲಿ ಪಾಸು ತೆಗೆದುಬಿಟ್ಟ. "ಅಮ್ಮಾ, ಒಂದ ನಾಕಾಕ್ಕ ಬರೇ ಹದಿನೈದ ರೂಪಾಯಿ ಬಿತ್ತು ನೋಡ" ಎಂದ. 3,000ವನ್ನು 200ರಿಂದ ಭಾಗಿಸಿದ್ದ. ಲೆಕ್ಕ ಸರಿ. ಆದರೆ ಹದಿನೈದು ಬೀಳಬೇಕಾದರೆ 200 ಸಲವೂ ದಾಟಬೇಕಲ್ಲ? ಅದನ್ನು ಕೇಳಿದ್ದು ನಮ್ಮವರು. ಸೊಸೈಟಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಭಾಗಾಕಾರದ ಶೇಷವನ್ನು ಬಿಡುವವರಲ್ಲ. "ವರ್ಷಕ್ಕ ಐವತ್ತೆರಡು ರವಿವಾರ. ಹೋಗಿ ಬರೂದು ಹಿಡದ್ರ ನೂರಾ ನಾಕು. ಇನ್ನುಳದ ತೊಂಬತ್ತಾರು ಏನ್ ಮಾಡತಿ?" ಎಂದರು. ಹಾಗೆ ಹೇಳಿದವರೇ ಹಳೆಯ ಡೈರಿಯ ಹಿಂದಿನ ಪುಟದಲ್ಲಿ ಗೆರೆ ಎಳೆದು ತಾರೀಖು, ಊರು, ನಾಕಾ ಎಂದು ಮೂರು ಕಂಬ ಮಾಡಿದರು. ಮನೆಯಲ್ಲಿ ಪಾಪಪುಣ್ಯದ ಲೆಕ್ಕ ಇಡುವ ಚಿತ್ರಗುಪ್ತ ಸಿಕ್ಕ ಹಾಗಾಯಿತು.

ಅಲ್ಲಿಂದ ನಮ್ಮ ರವಿವಾರಗಳು ಬದಲಾದವು.

ನಾನು ದೂರಬೇಕೆಂದು ಇದನ್ನು ಬರೆಯುತ್ತಿಲ್ಲ. ಮೊದಮೊದಲು ಬಹಳ ಚೆನ್ನಾಗಿತ್ತು. ಮದುವೆಯಾದ ಮೂವತ್ತಮೂರು ವರ್ಷಗಳಲ್ಲಿ ನಾವು ಇಡೀ ಮನೆಯವರು ಕೂಡಿ ತಿರುಗಿದ್ದು ಬೆರಳೆಣಿಕೆಯಷ್ಟು. ಹೋದರೆ ಮದುವೆ, ಮುಂಜಿ, ಮಣ್ಣು, ಇಲ್ಲವೇ ಹರಕೆ. ಸುಮ್ಮನೆ ಹೋಗುವುದು ಎಂಬುದು ನಮ್ಮ ಕಡೆಯ ಹೆಂಗಸರ ಬಾಯಲ್ಲಿ ಬರುವ ಮಾತೇ ಅಲ್ಲ. "ಎಲ್ಲಿಗೆ ಹೊಂಟೀರಿ?" ಎಂದರೆ ಸುಳ್ಳಾದರೂ ಒಂದು ಕೆಲಸ ಹೇಳಬೇಕು. ಪಾಸು ಬಂದದ್ದರಿಂದ ಕೆಲಸವಿಲ್ಲದೆ ಹೊರಡಲು ಒಂದು ನೆಪ ಸಿಕ್ಕಿತು. ಅಂಬಾಬಾಯಿಯ ದರ್ಶನ ಮಾಡಿದೆವು, ರಂಕಾಳ ಕೆರೆಯ ದಂಡೆಯಲ್ಲಿ ಮೊಮ್ಮಗಳು ಕುದುರೆ ಹತ್ತಿದಳು, ಹೊಸ ಅರಮನೆಯ ವಸ್ತುಸಂಗ್ರಹಾಲಯ ನೋಡಿದೆವು, ಜ್ಯೋತಿಬಾನ ಗುಡ್ಡದಲ್ಲಿ ಮೈಯೆಲ್ಲಾ ಗುಲಾಲು ಮಾಡಿಕೊಂಡು ಬಂದೆವು.

ಕಣೇರಿ ಮಠದ ಸಿದ್ಧಗಿರಿ ಮ್ಯೂಸಿಯಂ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆದ್ದಾರಿಯಿಂದ ತುಸು ಒಳಗೆ ಏಳು ಎಕರೆಯಷ್ಟು ಜಾಗದಲ್ಲಿ ಹಿಂದಿನ ಕಾಲದ ಹಳ್ಳಿಯನ್ನು ಸಿಮೆಂಟಿನಲ್ಲಿ ಮಾಡಿಟ್ಟಿದ್ದಾರೆ. ಕುಂಬಾರ, ಬಡಿಗ, ಕಮ್ಮಾರ, ಉಳುವವ, ಬಿತ್ತುವವ, ಕುಟ್ಟುವ ಬೀಸುವ ಹೆಂಗಸರು, ಎಲ್ಲ ನಿಜ ಮನುಷ್ಯರ ಅಳತೆಯವರು. ಮೊಮ್ಮಗಳು ಕುಣಿದಾಡಿದಳು. ನನ್ನ ಅವ್ವ ಮಾತ್ರ ಬೀಸುವ ಕಲ್ಲಿನ ಮುಂದೆ ಕೂತ ಸಿಮೆಂಟಿನ ಹೆಂಗಸನ್ನು ಬಹಳ ಹೊತ್ತು ನೋಡಿದಳು. ಆಮೇಲೆ "ಇದನ್ನ ನೋಡಾಕ ಟಿಕೀಟ ತಗಸೀರೇನ? ನಾ ಮನ್ಯಾಗ ಪುಕ್ಕಟ ಬೀಸಿ ತೋರಸ್ತಿದ್ನೆಲ್ಲ" ಎಂದಳು. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. "ಆಕಿ ಮಾರಿ ನೋಡ, ಒಂದೀಟೂ ಬೆವರ ಬಂದಿಲ್ಲ" ಎಂದು ಮುಂದಕ್ಕೆ ನಡೆದಳು.

ಅವ್ವನಿಗೆ ಈಗ ಎಂಬತ್ತೆರಡು. ಕೃಷ್ಣಾ ಹೊಳೆಯ ದಂಡೆಯಲ್ಲಿ, ಚಿಕ್ಕೋಡಿ ತಾಲೂಕಿನ ಯಡೂರದ ಹತ್ತಿರದ ಸಣ್ಣ ಹಳ್ಳಿಯೊಂದು ಅವಳ ತವರು. ಅಪ್ಪ ಬೇಗ ತೀರಿಕೊಂಡ ಮೇಲೆ ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ದುಡಿದು ನನ್ನನ್ನೂ ತಮ್ಮನನ್ನೂ ಸಾಕಿದಳು. ಸಂಜೆ ಮನೆಗೆ ಬಂದರೆ ಅವಳ ಸೀರೆಯ ಘಾಟಿಗೆ ನಮಗೆ ಸೀನು ಬರುತ್ತಿತ್ತು. ಆ ಘಾಟಿನ ದುಡ್ಡಿನಲ್ಲಿಯೇ ನಾನು ಬಿ.ಎ., ಬಿ.ಎಡ್. ಮಾಡಿದ್ದು. ತಮ್ಮ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದಾನೆ, ಒಂದೇ ಖೋಲಿಯ ಮನೆ. ಹೀಗಾಗಿ ಅವ್ವ ಆರು ವರ್ಷಗಳಿಂದ ನಮ್ಮಲ್ಲಿದ್ದಾಳೆ. ಮಗಳ ಮನೆಯಲ್ಲಿ ಇರುವ ತಾಯಿ ಹೇಗೆ ಇರುತ್ತಾಳೆ ಎಂಬುದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬಡಿಸಿದ್ದು ಉಣ್ಣುತ್ತಾಳೆ, ಎರಡನೆಯ ಸಲ ಕೇಳುವುದಿಲ್ಲ. ಟೀವಿಯಲ್ಲಿ ಯಾರು ಏನು ಹಚ್ಚಿದರೂ ಅದನ್ನೇ ನೋಡುತ್ತಾಳೆ. ಅಳಿಯ ಬಂದರೆ ಈಗಲೂ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ.

ಇರಲಿ, ಪಾಸಿನ ಮಾತಿಗೆ ಬರೋಣ. ದಸರೆ ಕಳೆಯುವ ಹೊತ್ತಿಗೆ ನಮ್ಮ ತಿರುಗಾಟದಲ್ಲಿ ಏನೋ ಕೆಟ್ಟಿತ್ತು. ಶನಿವಾರ ರಾತ್ರಿ ಊಟಕ್ಕೆ ಕೂತಾಗ "ನಾಳೆ ಎಲ್ಲಿಗೆ ಹೋಗಬೇಕು?" ಎನ್ನುವ ಮಾತು ಹೋಗಿ "ನಾಳೆ ಎಲ್ಲಿಗಾದರೂ ಹೋಗಬೇಕಲ್ಲ" ಎಂಬ ಮಾತು ಬಂದಿತ್ತು. ಎರಡು ರವಿವಾರ ಮನೆಯಲ್ಲಿ ಕೂತರೆ ನಮ್ಮವರು ಡೈರಿ ತೆರೆದು "ಪಾಸ ಮಲಗೇತಿ" ಎನ್ನುತ್ತಿದ್ದರು, ಕಟ್ಟಿದ ಎಮ್ಮೆ ಹಾಲು ಬತ್ತಿಸಿಕೊಂಡಂತೆ. ಒಮ್ಮೆ ಸಾತಾರೆಗೆ ಹೋದೆವು. ಯಾಕೆ ಸಾತಾರೆ ಎಂದರೆ, ಆ ದಾರಿಗೆ ಕೊಗನೊಳ್ಳಿ, ಕಿಣಿ, ತಾಸವಡೆ ಎಂದು ಮೂರು ನಾಕಾ ಬರುತ್ತವೆ. ಹೋಗಿ ಬರುವುದರಲ್ಲಿ ಆರು ಸಲ ದಾಟಿದಂತಾಗುತ್ತದೆ! ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳು ಕುಡಿಯುತ್ತ ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆವು. ಅಜಿಂಕ್ಯತಾರಾ ಕೋಟೆಯನ್ನು ಕೆಳಗಿನಿಂದಲೇ ನೋಡಿ, ಅರ್ಧ ಕಿಲೋ ಕಂದಿ ಪೇಢೆ ಕೊಂಡು, ಕತ್ತಲಾಗುತ್ತದೆಂದು ತಿರುಗಿದೆವು. ಆ ದಿನ ಡೈರಿಯಲ್ಲಿ ಆರು ಗೀಟು ಬಿದ್ದವು. ಮನೆಗೆ ಬಂದು ಇಳಿಯುವಾಗ ಅವ್ವನ ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸೊಸೆ ಒಲೆಯ ಮುಂದೆ ನಿಂತು ನನಗೊಬ್ಬಳಿಗೇ ಕೇಳುವಂತೆ ಹೇಳಿದಳು: "ಅತ್ತಿ, ನನಗ ಒಂದ ರವಿವಾರ ಮನ್ಯಾಗ ಸುಮ್ನ ಬಿದ್ದಕೋಬೇಕ ಅನಸಾಕತ್ತೇತಿ." ಅವಳು ಖಾಸಗಿ ಶಾಲೆಯಲ್ಲಿ ಕಲಿಸುತ್ತಾಳೆ, ನನ್ನದರ ಕಾಲುಭಾಗ ಪಗಾರ, ದುಪ್ಪಟ್ಟು ದುಡಿತ. ಅವಳು ಹೇಳಿದ ಮೇಲೆ ನನಗೂ ಹೊಳೆದದ್ದು, ಈ ರವಿವಾರಗಳಲ್ಲಿ ನಾವಿಬ್ಬರೂ ನಸುಕಿನ ನಾಲ್ಕಕ್ಕೆ ಎದ್ದಿದ್ದೇವೆ ಎಂದು. ಹೊರಗಿನ ಊಟ ಅವ್ವನಿಗೆ ಒಗ್ಗುವುದಿಲ್ಲ, ಮೊಮ್ಮಗಳಿಗೆ ಖಾರ ಆಗುವುದಿಲ್ಲ, ನಮ್ಮವರಿಗೆ ದುಡ್ಡು ಆಗುವುದಿಲ್ಲ. ಆದ್ದರಿಂದ ಚಪಾತಿ, ಶೇಂಗಾ ಹಿಂಡಿ, ಪಲ್ಲೆ, ಮೊಸರನ್ನ, ಎಲ್ಲ ಕಟ್ಟಿಕೊಂಡೇ ಹೊರಡಬೇಕು. ಸಂಜೆ ಬಂದು ಆ ಡಬ್ಬಿಗಳನ್ನೆಲ್ಲ ತೊಳೆಯಬೇಕು, ವಾರದ ಬಟ್ಟೆ ನೆನೆಹಾಕಬೇಕು. ಡೈರಿಯಲ್ಲಿ ಇದಕ್ಕೊಂದು ಕಂಬ ಇರಲಿಲ್ಲ. ಸಂತೋಷಕ್ಕೆಂದು ಹೊರಟ ದಿನದ ಸಂತೋಷವನ್ನು ಯಾರು ಹೊತ್ತು ತರುತ್ತಾರೆ ಎಂದು ಗಂಡಸರು ಕೇಳುವುದು ಕಡಿಮೆ. ನಾವಾದರೂ ಕೇಳುತ್ತೇವೆಯೇ? ಹೊತ್ತುಕೊಂಡು ನಗುತ್ತೇವೆ, ಫೋಟೋದಲ್ಲಿ ನಿಲ್ಲುತ್ತೇವೆ.

ಕೊಟ್ಟ ದುಡ್ಡು ವಸೂಲಾಗಬೇಕು ಎಂಬ ಈ ಹಟ ನಮ್ಮ ಮನೆಯದಷ್ಟೇ ಅಲ್ಲ ಎಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದ ನಾಟಕಶಾಲೆಯಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಇಬ್ಬರು ಒಂದು ಪರೀಕ್ಷೆ ಮಾಡಿದ್ದರಂತೆ. 1985ರಲ್ಲಿ ಅದು ಪ್ರಕಟವಾಯಿತು. ಇಡೀ ಹಂಗಾಮಿನ ನಾಟಕಗಳಿಗೆ ಒಟ್ಟಿಗೆ ಪಾಸು ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರಾ ಬೆಲೆಗೆ, ಉಳಿದವರಿಗೆ ಅವರು ಕೇಳದಿದ್ದರೂ ರಿಯಾಯಿತಿಯಲ್ಲಿ ಪಾಸು ಕೊಟ್ಟರು. ನಾಟಕಗಳು ಅವೇ, ಕುರ್ಚಿಗಳು ಅವೇ. ಆದರೆ ಹಂಗಾಮಿನ ಮೊದಲರ್ಧದಲ್ಲಿ ಪೂರಾ ಬೆಲೆ ಕೊಟ್ಟವರೇ ಹೆಚ್ಚು ನಾಟಕ ನೋಡಿದರು. ನಾಟಕದ ರುಚಿಯಿಂದಲ್ಲ, ಕೊಟ್ಟ ದುಡ್ಡಿನ ಸಂಕಟದಿಂದ. ಆಮೇಲಾಮೇಲೆ ಸಂಕಟ ಮರೆತು ಎಲ್ಲರೂ ಒಂದೇ ಆದರು. ನಮ್ಮ ಸಂಕಟಕ್ಕೆ ಮರೆವು ಬರದಂತೆ ನಮ್ಮವರ ಡೈರಿ ಇತ್ತು!

ಇದೆಲ್ಲ ನಕ್ಕು ಬಿಡುವ ಮಾತಾಗಿದ್ದರೆ ನಾನು ಬರೆಯಲು ಕೂಡುತ್ತಿರಲಿಲ್ಲ. ನನ್ನನ್ನು ಕೊರೆಯುತ್ತಿರುವುದು ಬೇರೆ.

ಪಾಸು ತೆಗೆದ ಹೊಸದರಲ್ಲಿ, ಶ್ರಾವಣದ ಕೊನೆಯ ಸೋಮವಾರದ ಹಿಂದಿನ ರಾತ್ರಿ, ಅವ್ವ ಒಂದು ಮಾತು ಕೇಳಿದ್ದಳು. ಮಗಳ ಮನೆಯಲ್ಲಿ ಆರು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ಮಾತು ಅದು. "ಹ್ಯಾಂಗೂ ಗಾಡಿ ತಗದೀರಿ. ಒಮ್ಮಿ ಯಡೂರ ಕಡೆ ಹೋಗಿ ಬರೂನೇನ? ವೀರಭದ್ರಗ ಕಾಯಿ ಒಡದು, ಹೊಳಿ ನೋಡಿ ಬರೂಣು. ಕಣ್ಣ ಮಂಜ ಆಗಾಕತ್ತಾವು." ಮಗ ಒಳ್ಳೆಯವನು, ಅಜ್ಜಿಯೆಂದರೆ ಜೀವ ಬಿಡುತ್ತಾನೆ. ಊಟ ಮಾಡುತ್ತಲೇ ಹೇಳಿದ: "ಆ ಕಡೆ ಹ್ವಾದ್ರ ಪಾಸಿಗೆ ಏನೂ ಹತ್ತಂಗಿಲ್ಲ ಆಯಿ. ಮೊದಲ ಈ ಕಡೇವು ಮುಗಸೂಣು, ಆಮ್ಯಾಲೆ ಹೋಗೂಣಂತ." ಅವ್ವ "ಆತ ತಗೋ" ಎಂದಳು.

ಮಗ ಹೇಳಿದ್ದು ಸುಳ್ಳೇನಲ್ಲ. ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗಿ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಆ ಪಾಸಿಗೆ ಏನೂ ಕೆಲಸವಿಲ್ಲ. ಆದರೆ ಕೊಲ್ಲಾಪುರಕ್ಕೆ ಹೋದಾಗಲೂ ಪೆಟ್ರೋಲು ಸುಡುತ್ತಿತ್ತು, ಸಾತಾರೆಗೆ ಹೋದಾಗಂತೂ ಅದಕ್ಕೆ ಮಿತಿಯೇ ಇರಲಿಲ್ಲ. ಅದನ್ನು ಯಾರೂ ಬರೆದಿಡಲಿಲ್ಲ. ಬರೆದಿಟ್ಟದ್ದು ನಾಕಾ ಮಾತ್ರ. ಹೀಗಾಗಿ ನಾಕಾ ಇರುವ ಊರುಗಳೆಲ್ಲ ನಮಗೆ ಹತ್ತಿರವಾದವು, ನಾಕಾ ಇಲ್ಲದ ಊರು ದೂರವಾಯಿತು. ನಲವತ್ತೈವತ್ತು ಕಿಲೋಮೀಟರಿನ ಹೊಳೆ ಸಾತಾರೆಗಿಂತ ದೂರ ಹೋಯಿತು. ದೀಪಾವಳಿ ಆದ ಮೇಲೆ ಅವ್ವ ಮತ್ತೊಮ್ಮೆ ಕೇಳಿದಳು, ಈ ಸಲ ನನ್ನನ್ನು, ಅಡುಗೆಮನೆಯಲ್ಲಿ, ಮೆಲ್ಲಗೆ. "ನೋಡೂಣವ್ವಾ" ಎಂದೆ. ನಾನೇ ಎಂದೆ.

ಈ "ನೋಡೂಣ" ಎನ್ನುವುದರಲ್ಲಿ ನನ್ನ ಪಾಲೆಷ್ಟು ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಮಗನ ಲೆಕ್ಕ ನನಗೆ ತಪ್ಪೆಂದು ಕಂಡಿತ್ತು, ಆದರೂ ಬಾಯಿ ತೆರೆಯಲಿಲ್ಲ. ಕಾರು ಅವನದು, ಪಾಸು ಅವನದು, ಕೇಳುತ್ತಿರುವವಳು ನನ್ನ ತಾಯಿ, ಅವನ ಅಪ್ಪನ ತಾಯಿಯಲ್ಲ. ನನ್ನ ಅತ್ತೆ ಇದ್ದಾಗ ಅವರು ಪಂಢರಪುರ ಎಂದರೆ ಮರುದಿನವೇ ಹೊರಡುತ್ತಿದ್ದೆವು. ಆಗ ಕಾರೂ ಇರಲಿಲ್ಲ, ಪಾಸೂ ಇರಲಿಲ್ಲ. ಮೂವತ್ತು ವರ್ಷ ಪಗಾರ ತಂದು ಮನೆಗೆ ಹಾಕಿದ ಹೆಂಗಸಾದ ನಾನು ನನ್ನ ತಾಯಿಗಾಗಿ ಒಂದು ದಿನ ಕೇಳಲು ಹಿಂಜರಿದೆನಲ್ಲ, ಆ ಹಿಂಜರಿಕೆಗೆ ಪಾಸು ಬಹಳ ಒಳ್ಳೆಯ ಮರೆಯಾಯಿತು. ಲೆಕ್ಕ ಎಂಬುದು ಹೀಗೆ ಬಹಳ ಸಲ ಒಳಗಿನ ಬೇರೆ ಏನನ್ನೋ ಮುಚ್ಚಿಕೊಳ್ಳುವ ಸೆರಗಾಗುತ್ತದೆ. ನಾವು ಬೇಡವೆನ್ನಲಿಲ್ಲ, ಪಾಸು ಬೇಡವೆಂದಿತು. ನಮಗೇನೂ ಹತ್ತಲಿಲ್ಲ.

ನಡುವೆ ಒಂದು ನೆನಪು. ಇದೇ ಹೆದ್ದಾರಿಯ ಮೇಲೆ, ಇದೇ ನಿಪ್ಪಾಣಿಯ ಹತ್ತಿರ, 1981ರಲ್ಲಿ ತಂಬಾಕು ಬೆಳೆದ ರೈತರು ಸರಿಯಾದ ಬೆಲೆಗಾಗಿ ವಾರಗಟ್ಟಲೆ ದಾರಿಗೆ ಅಡ್ಡ ಕೂತಿದ್ದರು. ಹೆಂಗಸರು ಮಕ್ಕಳು ಕೂಡ ಅಲ್ಲೇ ಅಡುಗೆ ಮಾಡಿ ಅಲ್ಲೇ ಮಲಗುತ್ತಿದ್ದರು. ಕೊನೆಗೆ ಗುಂಡು ಹಾರಿ ಜನ ಸತ್ತರು. ನಾನಾಗ ಹನ್ನೊಂದು ಹನ್ನೆರಡರ ಹುಡುಗಿ. ವಖಾರಗಳ ಕದ ಮುಚ್ಚಿ ಅವ್ವನಿಗೆ ಕೂಲಿ ಇರಲಿಲ್ಲ. ಆದರೂ ಇದ್ದ ಜೋಳದಲ್ಲಿ ರೊಟ್ಟಿ ಬಡಿದು ನನ್ನ ಕೈಯಲ್ಲಿ ಅಲ್ಲಿಗೆ ಕಳಿಸಿದ್ದಳು. "ಅವರು ಬೆಳದ್ರನs ನಮಗ ಕೆಲಸ" ಎಂದಿದ್ದಳು. ಈಗ ಅದೇ ರಸ್ತೆಯ ಮೇಲೆ ನಮ್ಮ ಕಾರು ನಾಕಾದ ಮುಂದೆ ಒಂದು ಗಳಿಗೆ ನಿಂತು, ಮೇಲಿನ ಯಂತ್ರ ಗಾಜಿನ ಮೇಲಿನ ಚೀಟಿ ನೋಡಿ, ಕೋಲು ಎತ್ತುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಅವ್ವ ಪ್ರತಿ ಸಲವೂ ಆ ಕೋಲನ್ನು ತಲೆ ತಗ್ಗಿಸಿ ನೋಡುತ್ತಾಳೆ, ಅದು ತನ್ನ ತಲೆಗೆ ತಾಗಬಹುದು ಎಂಬಂತೆ.

ಈ ವರ್ಷ, 2026ರ ಸಂಕ್ರಾಂತಿಗೆ ಅಂಗಡಿಗೂ ರಜೆ, ಶಾಲೆಗೂ ರಜೆ. ಮಗ ಪನ್ಹಾಳಗಡಕ್ಕೆ ಹೋಗೋಣವೆಂದ. ಆ ಹೊತ್ತಿಗೆ ಡೈರಿಯಲ್ಲಿ ಹದಿನಾಲ್ಕು ತಿರುಗಾಟ, ಮೂವತ್ತೆರಡು ಗೀಟು ಆಗಿದ್ದವು. ನಮ್ಮ ಕಡೆ ಸಂಕ್ರಾಂತಿ ಎಂದರೆ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮೀಯುವುದು, ದಂಡೆಯಲ್ಲಿ ಬುತ್ತಿ ಬಿಚ್ಚುವುದು. ಅದು ನಮ್ಮ ಹಿರಿಯರ ತಿರುಗಾಟ, ಯಾರಿಗೂ ಪಾಸು ಬೇಕಿರಲಿಲ್ಲ. ರಾತ್ರಿ ಸಜ್ಜಿ ರೊಟ್ಟಿ ಬಡಿಯುತ್ತ ಅವ್ವನ ಮುಖ ನೋಡಿದೆ. ಅವಳು ಎಳ್ಳು ಹಚ್ಚುತ್ತಿದ್ದಳು, ರೊಟ್ಟಿಯ ಅಂಚು ಕಾಣದೆ ಎಳ್ಳು ಪರಾತದ ಹೊರಗೆ ಬೀಳುತ್ತಿತ್ತು. ನನಗೆ ಏನಾಯಿತೋ, "ನೀವು ಗಡಕ್ಕ ಹೋಗ್ರಿ. ನಾನೂ ಅವ್ವಾನೂ ಬಸ್ಸಿನ್ಯಾಗ ಯಡೂರಕ್ಕ ಹೋಗತೀವಿ" ಎಂದುಬಿಟ್ಟೆ. ಮನೆಯಲ್ಲಿ ಒಂದು ಕ್ಷಣ ಸದ್ದಿಲ್ಲ. ಮಗ "ಬಸ್ಸಿನ್ಯಾಗ ಯಾಕ, ನಾನs ಕರಕೊಂಡ ಹೋಗತೀನಿ" ಎಂದ. ಅವನ ಮುಖ ಸಣ್ಣದಾಗಿತ್ತು. ಬೇಡವೆಂದೆ. ಸಿಟ್ಟಿನಿಂದಲ್ಲ. ಈ ದಾರಿಯನ್ನು ಯಾರ ಉಪಕಾರವೂ ಇಲ್ಲದೆ ಅವಳೂ ನಾನೂ ಇಬ್ಬರೇ ಹೋಗಬೇಕೆನಿಸಿತು.

ಯಾರ ಉಪಕಾರವೂ ಇಲ್ಲದೆ ಎಂದು ಹೆಮ್ಮೆಯಿಂದ ಬಸ್ಸು ಹತ್ತಿದವಳಿಗೆ ಬಾಗಿಲಲ್ಲಿಯೇ ಶೂನ್ಯ ಟಿಕೀಟು ಕಾದಿತ್ತು! ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸಾದಾ ಬಸ್ಸುಗಳಲ್ಲಿ ಟಿಕೀಟು ಇಲ್ಲ. ಆದರೆ ಅದು ರಾಜ್ಯದ ಒಳಗೆ ಮಾತ್ರ. ಗಡಿ ದಾಟಿ ಹೋಗುವ ಗಾಡಿಗಳಿಗೆ ನಡೆಯುವುದಿಲ್ಲ. ಗಡಿಯಾಚೆ ಮಹಾರಾಷ್ಟ್ರದ ಎಸ್.ಟಿ.ಯಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೀಟು. ಹೀಗಾಗಿ ನಮ್ಮ ಊರಿನ ಹೆಂಗಸರು ಮೂಡಲಕ್ಕೆ ಹೊರಟರೆ ಪುಕ್ಕಟೆ, ಬಡಗಲಕ್ಕೆ ಹೊರಟರೆ ಗಾಡಿ ಯಾವುದೆಂದು ನೋಡಿ ದುಡ್ಡು ಎಣಿಸಬೇಕು. ನಾನು ಶಾಲೆಗೆ ನಡೆದೇ ಹೋಗುವವಳು, ಬಸ್ಸು ಹತ್ತುವುದು ಅಪರೂಪ. ಕೈಯಲ್ಲಿ ನೋಟು ಹಿಡಿದಿದ್ದೆ. ಕಂಡಕ್ಟರ್ "ಆಧಾರ್ ತೋರಸ್ರಿ ಟೀಚರ್" ಎಂದು ಎರಡು ಚೀಟಿ ಹರಿದು ಕೊಟ್ಟ. ನಮ್ಮ ಶಾಲೆಯಲ್ಲೇ ಕಲಿತವನಿರಬೇಕು.

ಆ ಚೀಟಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಇರುಸುಮುರುಸಾಯಿತು. ಪಕ್ಕದಲ್ಲಿ ನಿಂತವಳು ಕಬ್ಬು ಕಡಿಯಲು ಹೊರಟ ಕೂಲಿಯವಳು. ಹಬ್ಬವಾದರೂ ಅವಳಿಗೆ ರಜೆಯಿಲ್ಲ; ಜನವರಿ ಎಂದರೆ ನಮ್ಮ ಸೀಮೆಯಲ್ಲಿ ಕಾರ್ಖಾನೆಗಳು ಹಗಲೂರಾತ್ರಿ ಕಬ್ಬು ನುರಿಸುವ ಕಾಲ. ಅವಳಿಗೆ ಶೂನ್ಯ, ತಿಂಗಳಿಗೆ ಸರಕಾರಿ ಪಗಾರ ಎಣಿಸುವ ನನಗೂ ಶೂನ್ಯ. ಇದು ನ್ಯಾಯವೇ? ನಾನು ಕೊಡಬಲ್ಲವಳು ಕೊಡಬಾರದೇಕೆ? ಈ ಮಾತನ್ನು ಅವ್ವನಿಗೆ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ನೀ ಕೊಡೂದಿದ್ರ ಕೊಡ. ನಂದ ನಾ ಯಾವಾಗೋ ತುಂಬೇನಿ. ಎಷ್ಟ ವರ್ಷ ಎಲ್ಲಿಗೂ ಹ್ವಾಗದs ಇದ್ನಿ, ಅವೆಲ್ಲಾ ಎಲ್ಲಿ ಹ್ವಾದೂವು?"

ನನ್ನ ಪ್ರಶ್ನೆಗೆ ಅದು ಉತ್ತರವಲ್ಲ. ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ಮಗನ ಪಾಸಿಗೆ ನಾವೇ ದುಡ್ಡು ಕೊಟ್ಟೆವು, ಆಮೇಲೆ ನಮ್ಮ ದುಡ್ಡಿಗೆ ನಾವೇ ಸಾಲಗಾರರಾಗಿ ದುಡಿದೆವು. ಈ ಚೀಟಿಗೆ ಯಾರೋ ದುಡ್ಡು ಕೊಟ್ಟಿದ್ದಾರೆ, ಅದರಲ್ಲಿ ನನ್ನ ತೆರಿಗೆಯೂ ಒಂದಿಷ್ಟು ಇರಬಹುದು. ಇದನ್ನು ವಸೂಲು ಮಾಡಬೇಕೆಂದು ಯಾರಿಗೂ ಅನಿಸುವುದಿಲ್ಲ, ಬೇಡವೆನಿಸಿದರೆ ಮನೆಯಲ್ಲಿ ಇರಬಹುದು. ಆದರೆ ಪುಕ್ಕಟೆಯ ವಸ್ತುವಿಗೆ ಬೇರೊಂದು ಬೆಲೆ ಇರುತ್ತದೆ. ಆ ದಿನ ಬಸ್ಸಿನಲ್ಲಿ "ಹಬ್ಬ ಬಂತಂದ್ರ ಹೆಣ್ಮಕ್ಕಳs ತುಂಬತಾರ, ನಾವು ರೊಕ್ಕಾ ಕೊಟ್ಟವ್ರು ನಿಂದ್ರೂದು" ಎಂದು ಒಬ್ಬ ಗಂಡಸು ಗೊಣಗಿದ್ದನ್ನು ನಾನೂ ಕೇಳಿದೆ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ಅವನು ನಿಂತೇ ಇದ್ದ. ಅವ್ವನಿಗೆ ಸೀಟು ಬಿಟ್ಟುಕೊಟ್ಟವನೂ ಅವನೇ.

ಚಿಕ್ಕೋಡಿಯಲ್ಲಿ ಗಾಡಿ ಬದಲಿಸಿ ಯಡೂರಕ್ಕೆ ಮುಟ್ಟುವ ಹೊತ್ತಿಗೆ ಹನ್ನೊಂದಾಗಿತ್ತು. ವೀರಭದ್ರನ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಯಿ ಒಡೆಸಿ ಹೊಳೆಯ ಕಡೆ ಇಳಿದೆವು. ನೀರು ಕಡಿಮೆಯಾಗಿ ತಿಳಿಯಾಗಿತ್ತು. ಹೆಂಗಸರು, ಮಕ್ಕಳು, ಎತ್ತುಗಳು ಎಲ್ಲ ಒಂದೇ ನೀರಿನಲ್ಲಿ. ಅವ್ವ ಮೊಳಕಾಲಮಟ ಇಳಿದು ಸೆರಗಿನ ತುದಿ ಒದ್ದೆ ಮಾಡಿ ಕಣ್ಣಿಗೆ ಒತ್ತಿಕೊಂಡಳು. ಬೊಗಸೆ ತುಂಬಿ ನನ್ನ ತಲೆಯ ಮೇಲೆ ಸುರಿದಳು. ಐವತ್ತಾರು ವರ್ಷದ ನನಗೆ, ಅಷ್ಟು ಜನರ ನಡುವೆ! ಯಾರೂ ನೋಡಲಿಲ್ಲ.

ಅವಳ ಹಳ್ಳಿಗೆ ಆಟೋ ಮಾಡಿಕೊಂಡು ಹೋದೆವು. ತವರಿನ ಮನೆ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. 2005ರ ನೆರೆಯಲ್ಲಿ ಹಿಂದಿನ ಗೋಡೆ ಹೋಗಿತ್ತು, 2019ರ ಆಗಸ್ಟಿನ ನೆರೆಯಲ್ಲಿ ಉಳಿದದ್ದೂ ಕೂತಿತು. ಸೋದರಮಾವನ ಮಕ್ಕಳು ಊರು ಬಿಟ್ಟರು. ಈಗ ಅಲ್ಲಿ ಜಾಲಿ ಬೆಳೆದಿದೆ. ಬಾಗಿಲ ಮುಂದಿನ ಕಟ್ಟೆಯ ಎರಡು ಕಲ್ಲು ಮಾತ್ರ ಇವೆ. ಅವ್ವ ಒಂದರ ಮೇಲೆ ಕೂತಳು, ಇನ್ನೊಂದನ್ನು ತಟ್ಟಿ ನನ್ನನ್ನು ಕೂಡಿಸಿದಳು. ಬುತ್ತಿ ಬಿಚ್ಚಿದೆವು. ಸಜ್ಜಿ ರೊಟ್ಟಿ, ಬದನಿಕಾಯಿ ಭರತ, ಗುರೆಳ್ಳ ಹಿಂಡಿ, ಶೇಂಗಾ ಹೋಳಿಗೆ. ದಾರಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ನಿಂತು ನೋಡಿ ಅವಳ ಹೆಸರು ಹಿಡಿದು ಕೂಗಿದ. ಅರವತ್ತು ವರ್ಷಗಳಿಂದ ಯಾರೂ ಕರೆಯದ, ಅವಳ ಹುಡುಗಿತನದ ಅರ್ಧ ಹೆಸರು. ಆ ಹೆಸರು ನನಗೂ ಗೊತ್ತಿರಲಿಲ್ಲ.

ಹೋಳಿಗೆ ತಿನ್ನುತ್ತ ಅವ್ವ ಒಂದು ಕತೆ ಹೇಳಿದಳು. ಈ ಸೀಮೆಯವರಿಗೆಲ್ಲ ಗೊತ್ತಿರುವ ಕತೆಯೇ. ಹೊಳೆಯ ಮೇಲ್ಗಡೆ, ಈಗ ಮಹಾರಾಷ್ಟ್ರಕ್ಕೆ ಸೇರಿದ ಖಿದ್ರಾಪುರದಲ್ಲಿ ಕೋಪೇಶ್ವರನ ಗುಡಿ ಇದೆ. ಶಿಲಾಹಾರರ ಕಾಲದ್ದು, 12ನೇ ಶತಮಾನದ್ದು. ಮೇಲೆ ದುಂಡಗೆ ತೆರೆದ ಸ್ವರ್ಗಮಂಟಪಕ್ಕೆ 48 ಕಂಬಗಳು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಪ್ರತಿ ಸಲ ಯಾರಾದರೂ ಕೇಳುತ್ತಾರೆ, "ಟೀಚರ್, ಇಲ್ಲಿ ಬಸವಣ್ಣ ಯಾಕಿಲ್ಲ?" ದಕ್ಷ ಯಜ್ಞ ಮಾಡಿದಾಗ ಮಗಳನ್ನೂ ಅಳಿಯನನ್ನೂ ಕರೆಯಲಿಲ್ಲ. ಆದರೂ ಸತಿಗೆ ತವರಿಗೆ ಹೋಗಬೇಕೆನಿಸಿತು. ಶಿವ ತನ್ನ ನಂದಿಯನ್ನು ಕೊಟ್ಟು ಕಳಿಸಿದ. ಅವಳು ಅಲ್ಲಿ ಅವಮಾನ ತಾಳದೆ ಬೆಂಕಿಗೆ ಬಿದ್ದಳು, ನಂದಿ ಯಡೂರದಲ್ಲಿ ಉಳಿಯಿತು, ಶಿವ ಖಿದ್ರಾಪುರದಲ್ಲಿ ಕೋಪ ಹೊತ್ತು ಕೂತ. ಅದಕ್ಕೇ ಅಲ್ಲಿ ನಂದಿ ಇಲ್ಲ. ಶಾಲೆಯಲ್ಲಿ ನಾನು ಈ ಕತೆಯನ್ನು ದಕ್ಷನ ಸೊಕ್ಕಿನ ಕತೆಯೆಂದು ಹೇಳುತ್ತ ಬಂದವಳು. ಅವ್ವ ಬೇರೆಯಾಗಿ ಹೇಳಿದಳು. "ಕರದಿದ್ದಿಲ್ಲ, ಕಾರಣ ಇದ್ದಿಲ್ಲ. ಆದ್ರೂ ಹೊಂಟ್ಳು. ಅಂವಾ ತನ್ನ ಗಾಡೀನs ಕೊಟ್ಟ ನೋಡ. ಎಟ್ಟ ಸಲ ಹೋಗತಿ, ಯಾವಾಗ ಬರತಿ ಅಂತ ಕೇಳಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, ನಕ್ಕು, "ನಂದಿ ತಿರುಗಿ ಯಾಕ ಹೋಗಲಿಲ್ಲಪಾ ಅಂದ್ರ, ಪಾಸ ಮುಗದಿರಬೇಕ" ಎಂದಳು.

ಅಂದರೆ ಅವಳಿಗೆ ಎಲ್ಲ ಗೊತ್ತಿತ್ತು. ಡೈರಿ, ಗೀಟು, ನನ್ನ "ನೋಡೂಣ", ಎಲ್ಲ.

ಸಂಜೆ ಮನೆಗೆ ಬಂದಾಗ ಅವರೂ ಗಡದಿಂದ ಬಂದಿದ್ದರು. ಜಾತ್ರೆಯಂಥ ಜನ, ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲವಂತೆ. ಮೊಮ್ಮಗಳು ಮಲಗಿಬಿಟ್ಟಿದ್ದಳು. ನಮ್ಮವರು ಡೈರಿ ಹಿಡಿದು ಕೂತಿದ್ದರು. ಎರಡು ಗೀಟು ಹಾಕಿ, ತಡೆದು, ನನ್ನ ಕಡೆ ನೋಡಿ "ನಿಮ್ಮದೂ ಬರೀಲೇನ?" ಎಂದು ಕೇಳಿದರು. ಹಂಗಿಸಿದರೋ ಕ್ಷಮೆ ಕೇಳಿದರೋ ಮೂವತ್ತಮೂರು ವರ್ಷ ಸಂಸಾರ ಮಾಡಿದ ನನಗೂ ತಿಳಿಯಲಿಲ್ಲ. ಬರೆಯಿರಿ ಎಂದೆ. ತಾರೀಖು ಬರೆದರು, ಊರು ಬರೆದರು, ನಾಕಾದ ಕಂಬದಲ್ಲಿ ಏನು ಬರೆಯಬೇಕೆಂದು ತೋಚದೆ ಹಾಗೇ ಬಿಟ್ಟರು.

ಮುಂದಿನ ಶನಿವಾರ ಮಗ ಬಂದು ಅವ್ವನ ಕಾಲ ಬಳಿ ಕೂತ. "ಆಯಿ, ನಾಳೆ ನಿಂಗ ಎಲ್ಲಿಗೆ ಹೋಗಬೇಕ ಹೇಳ. ಯಾವ ಕಡೆ ಆದ್ರೂ ಆಗವಲ್ದ್ಯಾಕ."

ಅವ್ವ ಅವನ ತಲೆ ಸವರಿದಳು. "ಎಲ್ಲಿಗೂ ಬ್ಯಾಡ. ನಾಳೆ ಮಲಗೂದೈತಿ" ಎಂದಳು. ಒಳಗಿನಿಂದ ಸೊಸೆ ನಕ್ಕದ್ದು ಕೇಳಿಸಿತು. ಪಾಸಿನಲ್ಲಿ ಇನ್ನೂ 166 ಉಳಿದಿದ್ದವು. ಮರುದಿನ ನಾವು ನಾಲ್ವರು ಹೆಂಗಸರು, ಮೊಮ್ಮಗಳೂ ಸೇರಿ, ಎಂಟು ಗಂಟೆಯವರೆಗೆ ಏಳಲಿಲ್ಲ. ಚಹಾ ಮಾಡಿದ್ದು ಗಂಡಸರು. ಸಕ್ಕರೆ ಹೆಚ್ಚಾಗಿತ್ತು.